ಬೊಂಬಾಯಿ ಬಳುವಳಿಯಾದ ಕಥೆ: ಯುರೋಪಿನ ರಾಜಮನೆತನಗಳ ಮದುವೆಯಲ್ಲಿ ಹೆಣ್ಣಿಗೆ ದಕ್ಕಿದ್ದೇನು?

ಪ್ರಶ್ನೆ: ಪೋರ್ಚುಗಲ್ಲಿನ ರಾಜಕುಮಾರಿಯನ್ನು ಮದುವೆಯಾದ ಇಂಗ್ಲೆಂಡಿನ ದೊರೆಗೆ ಬೊಂಬಾಯಿಯನ್ನು ಬಳುವಳಿಯಾಗಿ ಕೊಟ್ಟರೆಂದು ಶಾಲೆಯಲ್ಲಿ ಓದಿದ್ದೇವೆ. ಒಂದು ಊರನ್ನೇ ಹಾಗೆ ಕೊಡುವುದು ಆಗಿನ ಯುರೋಪಿನಲ್ಲಿ ರೂಢಿಯಲ್ಲಿತ್ತೇ? ಆ ಊರಿನಿಂದಾಗಲಿ ಹಣದಿಂದಾಗಲಿ ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಏನಾದರೂ ದಕ್ಕುತ್ತಿತ್ತೇ, ಇಲ್ಲವೇ ಇಬ್ಬರು ದೊರೆಗಳ ವ್ಯವಹಾರದಲ್ಲಿ ಅವಳೂ ಒಂದು ಸರಕೇ? ಇಂಗ್ಲೆಂಡಿಗೆ ಚಹಾ ಕೊಂಡೊಯ್ದವಳೂ ಅವಳೇ ಎನ್ನುತ್ತಾರೆ, ಅದು ನಿಜವೇ?

ಉತ್ತರ: ಚಹಾದ ವಿಷಯ ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇನೆ. ಲಂಡನ್ನಿನ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತಾನು ಅದುವರೆಗೆ ಕುಡಿದಿರದಿದ್ದ ಚಹಾವನ್ನು ತರಿಸಿ ಕುಡಿದೆನೆಂದು 1660ರ ಸೆಪ್ಟೆಂಬರ್ 25ರ ದಿನಚರಿಯಲ್ಲಿ ಬರೆದಿದ್ದಾನೆ. ನೀವು ಕೇಳಿರುವ ರಾಜಕುಮಾರಿ, ಬ್ರಗಾಂಸಾ ಮನೆತನದ ಕ್ಯಾಥರೀನ್, ಇಂಗ್ಲೆಂಡಿನ ನೆಲ ಮುಟ್ಟಿದ್ದು 1662ರ ಮೇ ತಿಂಗಳಿನಲ್ಲಿ. ಚಹಾ ಅವಳಿಗಿಂತ ಮೊದಲೇ ಅಲ್ಲಿ ಬಂದು ಕುಳಿತಿತ್ತು. ಅದನ್ನು ಅರಮನೆಯ ಹೆಂಗಸರ ಬಳಕೆಗೆ ತಂದು ಅದಕ್ಕೊಂದು ಘನತೆ ಕೊಟ್ಟಳೆಂದರೆ ಸರಿ, ಅದಕ್ಕಿಂತ ಹೆಚ್ಚು ಹೇಳಿದರೆ ತಪ್ಪು.

ಇನ್ನು ಬೊಂಬಾಯಿ. ಬಳುವಳಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಗಳ ಜೊತೆಗೆ ಅಕ್ಕರೆಯಿಂದ ಕಳುಹಿಸುವ ಹಸು, ಒಡವೆ, ಪಾತ್ರೆಗಳು. 1661ರ ಜೂನ್ 23ರಂದು ವೈಟ್‌ಹಾಲ್ ಅರಮನೆಯಲ್ಲಿ ಸಹಿಯಾದ ಪತ್ರದಲ್ಲಿ ಅಂತಹ ಅಕ್ಕರೆ ಏನೂ ಇಲ್ಲ. ಅದು ಎರಡು ರಾಜ್ಯಗಳ ನಡುವಿನ ಕರಾರು, ಮದುವೆ ಆ ಕರಾರಿನ ಒಂದು ಭಾಗ. ಪೋರ್ಚುಗಲ್ ಇಪ್ಪತ್ತು ಲಕ್ಷ ಕ್ರುಜಾದೋ ನಾಣ್ಯಗಳನ್ನು ಕೊಡಬೇಕು, ಉತ್ತರ ಆಫ್ರಿಕದ ಟ್ಯಾಂಜಿಯರ್ ಬಂದರನ್ನೂ ಹಿಂದೂಸ್ತಾನದ ಬೊಂಬಾಯಿ ದ್ವೀಪವನ್ನೂ ಬಿಟ್ಟುಕೊಡಬೇಕು, ತನ್ನ ವಸಾಹತುಗಳಲ್ಲಿ ಇಂಗ್ಲಿಷ್ ವರ್ತಕರಿಗೆ ವ್ಯಾಪಾರದ ಹಕ್ಕು ನೀಡಬೇಕು. ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ ಸ್ಪೇನಿನ ವಿರುದ್ಧದ ಯುದ್ಧಕ್ಕೆ ಕಾಲಾಳು ಮತ್ತು ಕುದುರೆ ಪಡೆಗಳನ್ನು ಕಳುಹಿಸಬೇಕು. ಇದಲ್ಲದೆ ಪೂರ್ವ ದೇಶಗಳಲ್ಲಿ ಉಳಿದಿರುವ ಪೋರ್ಚುಗೀಸ್ ನೆಲೆಗಳನ್ನು ಡಚ್ಚರಿಂದ ಕಾಪಾಡಲು ನೆರವಾಗಬೇಕೆಂಬ ಗುಪ್ತ ಕಲಮೂ ಒಂದಿತ್ತು. ಅಂದರೆ ಬೊಂಬಾಯಿಯನ್ನು ಕೊಟ್ಟದ್ದು ಸೈನ್ಯದ ಬೆಲೆಯಾಗಿ. ಮಗಳ ಹೆಸರು ಆ ವ್ಯವಹಾರಕ್ಕೆ ಮುದ್ರೆ ಒತ್ತಿತು.

ಇಷ್ಟು ದೊಡ್ಡ ಬೆಲೆ ತೆರುವ ಅವಸರ ಪೋರ್ಚುಗಲ್ಲಿಗೆ ಏಕಿತ್ತು ಎಂಬುದನ್ನು ತಿಳಿಯಬೇಕಾದರೆ ಇನ್ನೊಂದು ಮದುವೆಯ ಕಡೆಗೆ ನೋಡಬೇಕು. ಅರವತ್ತು ವರ್ಷ ಸ್ಪೇನಿನ ದೊರೆಗಳ ಕೈಕೆಳಗಿದ್ದ ಪೋರ್ಚುಗಲ್, 1640ರ ಡಿಸೆಂಬರಿನಲ್ಲಿ ಬ್ರಗಾಂಸಾದ ಡ್ಯೂಕನನ್ನು ನಾಲ್ಕನೆಯ ಜೊಆವ್ ಎಂಬ ಹೆಸರಿನಲ್ಲಿ ಸಿಂಹಾಸನಕ್ಕೆ ಏರಿಸಿ ಸ್ವತಂತ್ರವಾಯಿತು. ಆದರೆ ಸ್ಪೇನ್ ಅದನ್ನು ಒಪ್ಪಲಿಲ್ಲ, ಸ್ಪೇನಿನ ಮುಲಾಜಿನಿಂದ ಪೋಪ್ ಕೂಡ ಒಪ್ಪಲಿಲ್ಲ. ಫ್ರಾನ್ಸಿನ ನೆರವೊಂದನ್ನು ನಂಬಿಕೊಂಡಿದ್ದ ಪೋರ್ಚುಗಲ್ಲಿಗೆ 1659ರ ನವೆಂಬರ್ 7ರಂದು ಸಿಡಿಲು ಬಡಿದಂತಾಯಿತು. ಅಂದು ಫ್ರಾನ್ಸ್ ಮತ್ತು ಸ್ಪೇನ್ ಪಿರನೀಸ್ ಒಪ್ಪಂದಕ್ಕೆ ಸಹಿ ಹಾಕಿ, ಹದಿನಾಲ್ಕನೆಯ ಲೂಯಿಗೆ ಸ್ಪೇನಿನ ರಾಜಕುಮಾರಿ ಮರಿಯಾ ಥೆರೆಸಾಳನ್ನು ನಿಶ್ಚಯಿಸಿದವು, ಪೋರ್ಚುಗಲ್ಲಿಗೆ ಇನ್ನು ನೆರವು ಕೊಡುವುದಿಲ್ಲವೆಂದು ಫ್ರಾನ್ಸ್ ಮಾತು ಕೊಟ್ಟಿತು. ಆಗ ಲಿಸ್ಬನ್ನಿನಲ್ಲಿ ಆಡಳಿತ ನಡೆಸುತ್ತಿದ್ದವಳು ಜೊಆವ್ ದೊರೆಯ ವಿಧವೆ ಲುಯಿಸಾ. ಹುಟ್ಟಿನಿಂದ ಅವಳು ಸ್ಪೇನಿನವಳು, ಅಲ್ಲಿನ ಮೆದಿನಾ ಸಿದೋನಿಯಾ ಮನೆತನದ ಮಗಳು. ತವರಿನ ವಿರುದ್ಧ ಗಂಡನ ಮನೆಯ ಸಿಂಹಾಸನವನ್ನು ಕಾಯುತ್ತ, 1656ರಿಂದ 1662ರವರೆಗೆ ಮಗನ ಹೆಸರಿನಲ್ಲಿ ರಾಜ್ಯವಾಳಿದಳು. ಮಗಳನ್ನು ಇಂಗ್ಲೆಂಡಿಗೆ ಕೊಡುವ ಮಾತುಕತೆ ನಡೆದದ್ದು ಅವಳ ಆಳ್ವಿಕೆಯಲ್ಲಿ. ರಾಜಮನೆತನದ ಮದುವೆಯೆಂದರೆ ಗಂಡಸರು ಹೆಂಗಸರನ್ನು ಕೊಟ್ಟುಕೊಂಡ ವ್ಯವಹಾರವೆಂದು ಹೇಳುವವರು ಕೊಡುವವರ ಸಾಲಿನಲ್ಲಿ ಎಷ್ಟು ಜನ ತಾಯಂದಿರು, ಅತ್ತೆಯರು, ಸೋದರತ್ತೆಯರು ಕುಳಿತಿದ್ದರು ಎಂಬುದನ್ನು ಮರೆಯುತ್ತಾರೆ.

ಬಳುವಳಿಯನ್ನು ಬರೆದುಕೊಡುವುದು ಬೇರೆ, ಎಣಿಸಿಕೊಡುವುದು ಬೇರೆ. ರಾಜಕುಮಾರಿಯನ್ನು ಕರೆದೊಯ್ಯಲು ಸ್ಯಾಂಡ್‌ವಿಚ್ಚಿನ ಅರ್ಲ್ ಹಡಗುಗಳೊಂದಿಗೆ ಲಿಸ್ಬನ್ನಿಗೆ ಬಂದಾಗ, ಕೂಡಿಟ್ಟ ಹಣವೆಲ್ಲ ಯುದ್ಧಕ್ಕೆ ಖರ್ಚಾಗಿದೆ, ಈಗ ಅರ್ಧವನ್ನು ಮಾತ್ರ ಕೊಡಬಲ್ಲೆವು ಎಂದು ಲುಯಿಸಾ ತಿಳಿಸಿದಳು. ಆ ಅರ್ಧವೂ ಬಹುಮಟ್ಟಿಗೆ ಸಕ್ಕರೆ ಮುಂತಾದ ಸರಕುಗಳ ಮತ್ತು ಹುಂಡಿಗಳ ರೂಪದಲ್ಲಿತ್ತು. ಅರ್ಲನಿಗೆ ಸಂಕಟ: ಸಕ್ಕರೆಯನ್ನು ಬೆಲೆ ಕಟ್ಟಿ ತೆಗೆದುಕೊಂಡರೆ ಲಂಡನ್ನಿನಲ್ಲಿ ನಷ್ಟವಾದೀತು, ತಿರಸ್ಕರಿಸಿದರೆ ವಧುವನ್ನೇ ತಿರಸ್ಕರಿಸಿದಂತೆ. ಕೊನೆಗೆ ಸರಕನ್ನು ಬರಿಯ ಸರಕಾಗಿಯೇ ಹಡಗಿಗೆ ಏರಿಸಿ, ಅಲ್ಲಿ ಮಾರಿ ಹಣ ಸಲ್ಲಿಸುವ ಹೊಣೆಯನ್ನು ಜೊತೆಯಲ್ಲಿ ಹೊರಟ ದುಆರ್ತೆ ದ ಸಿಲ್ವಾ ಎಂಬ ವರ್ತಕನಿಗೆ ವಹಿಸಿದರು. ಇನ್ನೊಂದು ತೊಡಕೂ ಇತ್ತು. ಇಂತಹ ದೂರದ ಮದುವೆಗಳಲ್ಲಿ ತವರಿನಲ್ಲಿಯೇ ಪ್ರತಿನಿಧಿಯೊಬ್ಬನನ್ನು ವರನ ಸ್ಥಾನದಲ್ಲಿ ನಿಲ್ಲಿಸಿ ಮದುವೆ ಮುಗಿಸಿ ಕಳುಹಿಸುವುದು ಪದ್ಧತಿ. ಆದರೆ ಕ್ಯಾಥೊಲಿಕ್ ಹೆಣ್ಣು ಪ್ರಾಟೆಸ್ಟೆಂಟ್ ದೊರೆಯನ್ನು ಮದುವೆಯಾಗಲು ಪೋಪನ ಅನುಮತಿ ಬೇಕು, ಅನುಮತಿ ಪತ್ರ ಬಂದರೆ ಅದರಲ್ಲಿ ಅವಳನ್ನು ದೊರೆಯ ಮಗಳೆಂದು ಬರೆಯದೆ ಬರಿಯ ಡ್ಯೂಕನ ಮಗಳೆಂದು ಬರೆಯುವುದು ಖಚಿತ. ಆ ಅವಮಾನವನ್ನು ಬರಮಾಡಿಕೊಳ್ಳುವುದಕ್ಕಿಂತ ಮದುವೆಯಾಗದೆ ಹೊರಡುವುದೇ ಮೇಲೆಂದು ತೀರ್ಮಾನವಾಯಿತು. ಇಪ್ಪತ್ತಮೂರು ವರ್ಷದ ಕ್ಯಾಥರೀನ್ ತಾಳಿ ಕಟ್ಟಿಸಿಕೊಳ್ಳದೆಯೇ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಗಂಡನ ಮನೆಗೆ ಹೊರಟಳು. ಮದುವೆ ನಡೆದದ್ದು 1662ರ ಮೇ 21ರಂದು, ಪೋರ್ಟ್ಸ್‌ಮತ್ ಬಂದರಿನಲ್ಲಿ.

ಬೊಂಬಾಯಿಯ ಹಸ್ತಾಂತರದ ಕಥೆ ಇದಕ್ಕಿಂತ ದಾರುಣ, ಅದರ ಒಂದು ಅಧ್ಯಾಯ ನಮ್ಮ ಕರಾವಳಿಯಲ್ಲೇ ನಡೆದಿದೆ. ದ್ವೀಪವನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿಯೊಂದಿಗೆ ನಾನೂರಕ್ಕೂ ಹೆಚ್ಚು ಸೈನಿಕರು 1662ರ ಸೆಪ್ಟೆಂಬರಿನಲ್ಲಿ ಬಂದು ನಿಂತಾಗ, ಗೋವೆಯ ಪೋರ್ಚುಗೀಸ್ ವೈಸರಾಯ್ ಕಾಗದಪತ್ರಗಳಲ್ಲಿ ಕುಂದು ಹುಡುಕಿ ದ್ವೀಪವನ್ನು ಬಿಟ್ಟುಕೊಡಲು ನಿರಾಕರಿಸಿದ. ಬರೆದುಕೊಟ್ಟದ್ದು ಬೊಂಬಾಯಿ ದ್ವೀಪವೊಂದೇ, ಸುತ್ತಣ ಮಾಹಿಮ್, ಸಾಷ್ಟಿ ಮುಂತಾದವು ಅದರಲ್ಲಿ ಸೇರಿಲ್ಲ ಎಂಬ ಜಗಳವೂ ಹುಟ್ಟಿತು. ಇಳಿಯಲು ಜಾಗವಿಲ್ಲದ ಆ ಸೈನಿಕರು ಹೋಗಿ ತಂಗಿದ್ದು ಕಾರವಾರದ ಬಳಿ ಕಡಲಿನಲ್ಲಿರುವ, ಈಗ ಗೋವಾ ರಾಜ್ಯಕ್ಕೆ ಸೇರಿದ ಅಂಜದೀವ ದ್ವೀಪದಲ್ಲಿ. ಅಲ್ಲಿ ಮಳೆಗಾಲಗಳೂ ರೋಗಗಳೂ ಅವರನ್ನು ತಿಂದುಹಾಕಿದವು. ಶಿಪ್‌ಮನ್ 1664ರ ಏಪ್ರಿಲಿನಲ್ಲಿ ಅಲ್ಲಿಯೇ ಸತ್ತ. ಬೊಂಬಾಯಿಯನ್ನು ಕಣ್ಣಾರೆ ಕಾಣಲು ಉಳಿದವರು ನೂರರ ಆಸುಪಾಸು. ಶಿಪ್‌ಮನ್ನನ ಕಾರ್ಯದರ್ಶಿಯಾಗಿದ್ದ ಹಂಫ್ರಿ ಕುಕ್ ಪೋರ್ಚುಗೀಸರು ಮುಂದಿಟ್ಟ ಷರತ್ತುಗಳಿಗೆಲ್ಲ ತಲೆಯಾಡಿಸಿ 1665ರ ಫೆಬ್ರವರಿ 18ರಂದು ದ್ವೀಪವನ್ನು ಪಡೆದ.

ಹಸ್ತಾಂತರದ ಪತ್ರ ಸಹಿಯಾದ ಮನೆ ಯಾರದು ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಅದು ದೋನಾ ಇನೇಸ್ ದ ಮಿರಾಂದಾ ಎಂಬ ವಿಧವೆಯ ಬಂಗಲೆ. ಬೊಂಬಾಯಿಯ ಜಹಗೀರು ಅವಳ ಹೆಸರಿನಲ್ಲಿತ್ತು, ಜನ ಅವಳನ್ನು ದ್ವೀಪದ ಒಡತಿ ಎಂದೇ ಕರೆಯುತ್ತಿದ್ದರು. ಅವಳು ಬದುಕಿರುವವರೆಗೆ ಅವಳ ಆಸ್ತಿಯ ತಂಟೆಗೆ ಹೋಗಬಾರದೆಂದು ಹಸ್ತಾಂತರದ ಷರತ್ತುಗಳಲ್ಲಿ ಪ್ರತ್ಯೇಕವಾಗಿ ಬರೆಸಲಾಯಿತು. ಹಾಗಾಗಿ ಬೊಂಬಾಯಿಯ ಮಟ್ಟಿಗೆ ಹೆಣ್ಣೊಬ್ಬಳ ಹಕ್ಕು ಎಂದು ಏನಾದರೂ ಇದ್ದರೆ ಅದು ಇನೇಸಳದು. ಕ್ಯಾಥರೀನಳಿಗೆ ಆ ಊರಿನ ಮೇಲೆ ಎಂದೂ ಯಾವ ಹಕ್ಕೂ ಇರಲಿಲ್ಲ: ಅದು ಅವಳ ತಮ್ಮನ ರಾಜ್ಯದಿಂದ ಅವಳ ಗಂಡನ ರಾಜ್ಯಕ್ಕೆ ನೇರವಾಗಿ ಹೋಯಿತು, ಗಂಡ ಅದನ್ನು 1668ರ ಮಾರ್ಚ್ 27ರಂದು ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಟ್ಯಾಂಜಿಯರಿನ ಗತಿ ಇನ್ನೂ ಕೆಟ್ಟದು. ಇಪ್ಪತ್ತೆರಡು ವರ್ಷ ಹಣ ಸುರಿದು 1684ರಲ್ಲಿ ಇಂಗ್ಲಿಷರೇ ಅದನ್ನು ಒಡೆದು ಬಿಟ್ಟು ಬಂದರು.

ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಇರುವುದು ಬಳುವಳಿಯಲ್ಲಲ್ಲ, ಅದೇ ಕರಾರಿನ ಇನ್ನೊಂದು ಕಲಮಿನಲ್ಲಿ. ಯುರೋಪಿನ ರಾಜಮನೆತನಗಳ ಮದುವೆಯ ಪತ್ರದಲ್ಲಿ ಹಣ ಎರಡು ದಿಕ್ಕಿಗೆ ಹರಿಯುತ್ತದೆ. ಹೆಣ್ಣಿನ ಕಡೆಯವರು ಬಳುವಳಿ ಕೊಡುತ್ತಾರೆ, ಅದು ಗಂಡಿನ ಖಜಾನೆ ಸೇರುತ್ತದೆ. ಇದಕ್ಕೆ ಪ್ರತಿಯಾಗಿ ಗಂಡಿನ ಕಡೆಯವರು, ಗಂಡ ಮೊದಲು ಸತ್ತರೆ ಅವಳು ಸಾಯುವತನಕ ಅನುಭವಿಸುವಂತೆ ಇಷ್ಟು ಜಮೀನಿನ, ಇಷ್ಟು ಊರುಗಳ ಉತ್ಪನ್ನವನ್ನು ಜೀವನಾಂಶವಾಗಿ ಬರೆದುಕೊಡುತ್ತಾರೆ. ನಮ್ಮಲ್ಲಿ ಉಂಬಳಿ ಬಿಡುತ್ತಿದ್ದ ಹಾಗೆ ಎಂದುಕೊಳ್ಳಬಹುದು. ಇದನ್ನು ಸ್ತ್ರೀಧನ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಅವಳು ಅದನ್ನು ಮಾರುವಂತಿಲ್ಲ, ತನ್ನ ಇಷ್ಟದವರಿಗೆ ಬಿಟ್ಟುಹೋಗುವಂತಿಲ್ಲ. ಆದರೂ ಇಡೀ ವ್ಯವಹಾರದಲ್ಲಿ ಹೆಣ್ಣಿನದು ಎಂದು ಬೆರಳಿಟ್ಟು ತೋರಿಸಬಹುದಾದ ಭಾಗ ಇದೇ. ಕ್ಯಾಥರೀನಳ ಕರಾರಿನಲ್ಲಿ ಅದು ವರ್ಷಕ್ಕೆ ಮೂವತ್ತು ಸಾವಿರ ಪೌಂಡ್. ಬೊಂಬಾಯಿಯಿಂದ ದೊರೆಗೆ ಬಂದ ಹತ್ತು ಪೌಂಡಿನ ಪಕ್ಕದಲ್ಲಿ ಆ ಮೊತ್ತವನ್ನಿಟ್ಟು ನೋಡಿ.

ಈ ಎರಡು ಹಣಗಳ ನಡುವೆ ಸಿಕ್ಕಿಕೊಂಡ ಹೆಣ್ಣಿನ ಪಾಡು ಏನಾಗುತ್ತಿತ್ತು ಎಂಬುದಕ್ಕೆ ನೂರಾಅರವತ್ತು ವರ್ಷ ಹಿಂದಿನ ಇನ್ನೊಬ್ಬ ಕ್ಯಾಥರೀನಳಿಗಿಂತ, ಅರಗಾನಿನ ಕ್ಯಾಥರೀನಳಿಗಿಂತ, ಒಳ್ಳೆಯ ಉದಾಹರಣೆ ಇಲ್ಲ. ಸ್ಪೇನಿನ ಇಸಬೆಲ್ಲಾ ಮತ್ತು ಫರ್ಡಿನೆಂಡರ ಈ ಕಿರಿಯ ಮಗಳು 1501ರ ನವೆಂಬರ್ 14ರಂದು ಇಂಗ್ಲೆಂಡಿನ ಯುವರಾಜ ಆರ್ಥರನನ್ನು ಮದುವೆಯಾದಳು. ಗೊತ್ತಾದ ಬಳುವಳಿ ಎರಡು ಲಕ್ಷ ಎಸ್ಕುದೋ. ಒಂದು ಲಕ್ಷ ಕೂಡಲೇ, ಇನ್ನೊಂದು ಲಕ್ಷ ಕಂತುಗಳಲ್ಲಿ, ಅದರಲ್ಲಿ ಮೂವತ್ತೈದು ಸಾವಿರದಷ್ಟನ್ನು ಅವಳು ತಂದ ಒಡವೆ ಮತ್ತು ಬೆಳ್ಳಿ-ಬಂಗಾರದ ಪಾತ್ರೆಗಳ ರೂಪದಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಮದುವೆಯಾಗಿ ಐದು ತಿಂಗಳೂ ತುಂಬುವ ಮೊದಲೇ, 1502ರ ಏಪ್ರಿಲ್ 2ರಂದು, ಹದಿನೈದು ವರ್ಷದ ಆರ್ಥರ್ ತೀರಿಕೊಂಡ. ಅಲ್ಲಿಂದ ಲೆಕ್ಕದ ಜಗಳ ಆರಂಭವಾಯಿತು. ಕೊಟ್ಟ ಒಂದು ಲಕ್ಷವನ್ನು ಹಿಂತಿರುಗಿಸಿ, ವೇಲ್ಸ್, ಚೆಸ್ಟರ್ ಮತ್ತು ಕಾರ್ನ್‌ವಾಲ್ ಸೀಮೆಗಳ ಉತ್ಪನ್ನದಲ್ಲಿ ಮೂರನೆಯ ಒಂದು ಪಾಲನ್ನು ಜೀವನಾಂಶವಾಗಿ ಕೊಡಿ ಎಂದು ಫರ್ಡಿನೆಂಡ್ ಕೇಳಿದ. ಕೊಡುವುದಿರಲಿ, ಬಾಕಿ ಒಂದು ಲಕ್ಷ ಎಲ್ಲಿ ಎಂದು ಇಂಗ್ಲೆಂಡಿನ ಏಳನೆಯ ಹೆನ್ರಿ ಕೇಳಿದ. ಹೆಣ್ಣನ್ನು ತವರಿಗೆ ಕರೆಸಿಕೊಂಡರೆ ಕೊಟ್ಟ ಹಣ ಹೋದಂತೆ, ಕಳುಹಿಸಿದರೆ ಬರಬೇಕಾದ ಹಣ ಹೋದಂತೆ. ಆದ್ದರಿಂದ ಇಬ್ಬರೂ ಅವಳನ್ನು ಅಲ್ಲಿಯೇ ಇರಿಸಿದರು.

ಆರ್ಥರನ ತಮ್ಮ ಹೆನ್ರಿಗೆ ಅವಳನ್ನು ಕೊಡುವುದೆಂದು 1503ರಲ್ಲಿ ಒಪ್ಪಂದವಾಯಿತು, ಅದರಲ್ಲಿ ಅವಳು ಮೊದಲ ಮದುವೆಯ ಜೀವನಾಂಶವನ್ನು ಬಿಟ್ಟುಕೊಡಬೇಕಾಯಿತು. ಅಂದರೆ ಎರಡನೆಯ ಮದುವೆಯ ಆಸೆಗೆ ಕೈಯಲ್ಲಿದ್ದ ಒಂದೇ ಹಕ್ಕನ್ನು ಅವಳಿಂದ ಬರೆಸಿಕೊಂಡರು. ಮರುವರ್ಷ ತಾಯಿ ಇಸಬೆಲ್ಲಾ ತೀರಿಕೊಂಡು ಕಸ್ತೀಲ್ ರಾಜ್ಯ ಅಕ್ಕ ಹುವಾನಾಳ ಪಾಲಾದಾಗ ತಂದೆಯ ತೂಕ ಇಳಿಯಿತು, ಅದರೊಂದಿಗೆ ಮಗಳ ಬೆಲೆಯೂ. ಲಂಡನ್ನಿನ ಡರಮ್ ಹೌಸಿನಲ್ಲಿ ಸೇವಕರಿಗೆ ಸಂಬಳ ಕೊಡಲಾಗದೆ, ಉಡಲು ಬಟ್ಟೆಯಿಲ್ಲದೆ ಅವಳು ತಂದೆಗೆ ಬರೆದ ಕಾಗದಗಳು ಉಳಿದಿವೆ. ಊಟದ ಖರ್ಚಿಗೆಂದು ಅವಳು ಪಾತ್ರೆ-ಒಡವೆಗಳನ್ನು ಒತ್ತೆಯಿಟ್ಟಳು, ಮಾರಿದಳು. ಆದರೆ ಅವು ಬಳುವಳಿಯ ಲೆಕ್ಕಕ್ಕೆ ಸೇರಿದ ಪಾತ್ರೆಗಳಲ್ಲವೇ? ಅವಳು ಉಂಡ ಒಂದೊಂದು ತುತ್ತೂ ಅವಳ ಮದುವೆಯನ್ನು ಅಷ್ಟಷ್ಟು ದೂರ ತಳ್ಳುತ್ತಿತ್ತು. ಅಳಿಯನೂ ಮಾವನೂ ಜಗಳವಾಡುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಬೀಗರಿಬ್ಬರು ಒಂದು ಹೆಣ್ಣಿನ ತಟ್ಟೆಯನ್ನೇ ಹಿಡಿದು ಎಳೆದಾಡಿದರು.

ಇಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಇಂಗ್ಲೆಂಡಿನಲ್ಲಿದ್ದ ಸ್ಪೇನಿನ ರಾಯಭಾರಿಗಳ ಮೇಲೆ ನಂಬಿಕೆ ಕಳೆದುಕೊಂಡಿದ್ದ ಕ್ಯಾಥರೀನಳಿಗೆ 1507ರಲ್ಲಿ ತಂದೆ ರಾಯಭಾರದ ಅಧಿಕಾರಪತ್ರವನ್ನೇ ಕಳುಹಿಸಿದ. ಯುರೋಪಿನಲ್ಲಿ ಹೆಣ್ಣೊಬ್ಬಳು ಅಧಿಕೃತವಾಗಿ ರಾಯಭಾರಿಯಾದ ಮೊದಲ ಸಂದರ್ಭವೆಂದು ಇದನ್ನು ಸಾಮಾನ್ಯವಾಗಿ ಹೆಸರಿಸುತ್ತಾರೆ. ತನ್ನ ಬಳುವಳಿಯ ಬಾಕಿಯ ಬಗ್ಗೆ ತಾನೇ ದೊರೆಯ ಎದುರು ಕುಳಿತು ಮಾತಾಡುವ ಸ್ಥಾನ ಅದು. ಗೂಢಲಿಪಿಯಲ್ಲಿ ಕಾಗದ ಬರೆಯುವುದನ್ನೂ ಅವಳು ಕಲಿತಳು. 1509ರಲ್ಲಿ ಮುದಿ ದೊರೆ ಸತ್ತು ಎಂಟನೆಯ ಹೆನ್ರಿ ಪಟ್ಟಕ್ಕೆ ಬಂದ ಏಳೆಂಟು ವಾರಗಳಲ್ಲಿ, ಜೂನ್ 11ರಂದು, ಮದುವೆಯಾಯಿತು. ಅಷ್ಟು ವರ್ಷ ಇಲ್ಲವೆಂದಿದ್ದ ಹಣವೂ ಫರ್ಡಿನೆಂಡನಿಗೆ ಆಗ ಸಿಕ್ಕಿತು. ಗಂಡ 1513ರಲ್ಲಿ ಫ್ರಾನ್ಸಿಗೆ ದಂಡೆತ್ತಿ ಹೋದಾಗ ರಾಜ್ಯದ ಆಡಳಿತ ಅವಳ ಕೈಯಲ್ಲಿತ್ತು, ಫ್ಲಾಡನ್ನಿನಲ್ಲಿ ಸ್ಕಾಟ್ಲೆಂಡಿನ ದೊರೆ ಸೋತು ಸತ್ತದ್ದು ಅವಳ ಆಡಳಿತದ ದಿನಗಳಲ್ಲೇ. ಮುಂದಿನ ವಿಚ್ಛೇದನದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬಿಡುತ್ತೇನೆ.

ಕ್ಯಾಥರೀನಳ ಅತ್ತಿಗೆಯ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದೇ ಹೆಚ್ಚು ಹೊಂದುತ್ತದೆ. ಆಸ್ಟ್ರಿಯಾದ ಮಾರ್ಗರೆಟ್ ಹುಟ್ಟಿದ್ದು 1480ರಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ಅವಳನ್ನು ಫ್ರಾನ್ಸಿನ ಭಾವೀ ರಾಣಿಯೆಂದು ಅಲ್ಲಿಗೆ ಕಳುಹಿಸಿದರು, ಬಳುವಳಿಯಾಗಿ ಆರ್ತ್ವಾ ಮತ್ತು ಫ್ರಾಂಶ್-ಕೋಂತೆ ಎಂಬ ಎರಡು ಪ್ರಾಂತ್ಯಗಳನ್ನೇ ಕೊಟ್ಟರು. ಊರನ್ನು ಬಳುವಳಿ ಕೊಡುವುದು ರೂಢಿಯಲ್ಲಿತ್ತೇ ಎಂದು ಕೇಳಿದಿರಲ್ಲ, ಇಲ್ಲಿ ಹೋದದ್ದು ಊರಲ್ಲ, ಸೀಮೆಗಳು. ಆದರೆ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ 1491ರಲ್ಲಿ ಬ್ರಿಟನಿ ಪ್ರಾಂತ್ಯದ ಒಡತಿ ಆನ್‌ಳನ್ನು ಮದುವೆಯಾಗಿಬಿಟ್ಟ. ಬ್ರಿಟನಿ ಅವನಿಗೆ ಹೆಚ್ಚು ಬೆಲೆಯದಾಗಿ ಕಂಡಿತು. ಕೈಬಿಟ್ಟ ಹುಡುಗಿಯನ್ನು ಇನ್ನೂ ಎರಡು ವರ್ಷ ಅಲ್ಲೇ ಇಟ್ಟುಕೊಂಡು, 1493ರ ಸೆನ್ಲಿಸ್ ಒಪ್ಪಂದದಲ್ಲಿ ಅವಳನ್ನೂ ಅವಳ ಬಳುವಳಿಯ ನೆಲವನ್ನೂ ಹಿಂದಿರುಗಿಸಿದರು. 1497ರಲ್ಲಿ ಕ್ಯಾಥರೀನಳ ಅಣ್ಣ, ಸ್ಪೇನಿನ ಯುವರಾಜ ಹುವಾನನೊಂದಿಗೆ ಮದುವೆಯಾಯಿತು, ಆರು ತಿಂಗಳಲ್ಲಿ ಅವನು ಸತ್ತ. 1501ರಲ್ಲಿ ಸವಾಯ್‌ನ ಡ್ಯೂಕ್ ಫಿಲಿಬರ್ಟನೊಂದಿಗೆ ಮದುವೆಯಾಯಿತು, 1504ರ ಸೆಪ್ಟೆಂಬರಿನಲ್ಲಿ ಅವನೂ ಸತ್ತ. ಇಪ್ಪತ್ತನಾಲ್ಕು ವರ್ಷ, ಒಂದು ಮುರಿದ ಸಂಬಂಧ, ಎರಡು ವೈಧವ್ಯ.

ಅಲ್ಲಿಗೆ ಅವಳ ತಂದೆ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ನಾಲ್ಕನೆಯ ಸಂಬಂಧ ಹುಡುಕಿದ, ವರ ನಾವು ಈಗಾಗಲೇ ಕಂಡಿರುವ ಏಳನೆಯ ಹೆನ್ರಿ. ಮಾರ್ಗರೆಟ್ ಒಲ್ಲೆ ಎಂದಳು. ಮೂರು ವರ್ಷದಲ್ಲಿ ಹೇಳಲಾಗದ, ಹದಿನೇಳರಲ್ಲಿ ಹೇಳಲಾಗದ ಮಾತನ್ನು ಇಪ್ಪತ್ತೈದರಲ್ಲಿ ಹೇಳಲು ಅವಳಿಗೆ ಸಾಧ್ಯವಾದದ್ದು ಹೇಗೆ? ಧೈರ್ಯ ಬಂತು ಎನ್ನುವುದು ಸುಲಭದ ಉತ್ತರ. ನನ್ನ ದೃಷ್ಟಿಯಲ್ಲಿ ಧೈರ್ಯಕ್ಕಿಂತ ಮುಖ್ಯವಾದದ್ದು ಜೀವನಾಂಶ. ಸವಾಯ್ ಮನೆತನ ಬರೆದುಕೊಟ್ಟಿದ್ದ ಬ್ರೆಸ್ ಮೊದಲಾದ ಸೀಮೆಗಳ ಉತ್ಪನ್ನವನ್ನು ಅವಳು ಮೈದುನನೊಂದಿಗೆ ಹೋರಾಡಿ ಉಳಿಸಿಕೊಂಡಿದ್ದಳು. ತಂದೆಯ ಹಂಗಿನ ಊಟ ಉಣ್ಣಬೇಕಾಗಿರಲಿಲ್ಲ. ಆ ಹಣದ ಬಲದಿಂದಲೇ ಬ್ರೆಸ್ ಸೀಮೆಯ ಬ್ರೂ ಎಂಬಲ್ಲಿ ಗಂಡನ ಸಮಾಧಿಗೆಂದು ಅವಳು ಕಟ್ಟಿಸಲು ಹಿಡಿದ ದೇವಾಲಯವನ್ನು ಇಂದಿಗೂ ನೋಡಬಹುದು. 1507ರಲ್ಲಿ ತಂದೆ ಅವಳನ್ನು ನೆದರ್‌ಲ್ಯಾಂಡ್ಸಿನ ಆಡಳಿತಗಾರ್ತಿಯಾಗಿ ನೇಮಿಸಿದ, ನಡುವೆ ಕೆಲವು ವರ್ಷ ಬಿಟ್ಟು 1530ರಲ್ಲಿ ಸಾಯುವವರೆಗೂ ಅವಳು ಮೆಖೆಲೆನ್ ಊರಿನಿಂದ ಆ ಸಿರಿವಂತ ನಾಡನ್ನು ಆಳಿದಳು, ಅಣ್ಣನ ಮಗ, ಮುಂದೆ ಚಕ್ರವರ್ತಿಯಾದ ಐದನೆಯ ಚಾರ್ಲ್ಸ್‌ನನ್ನು ಅಲ್ಲಿಯೇ ಬೆಳೆಸಿದಳು.

ಮದುವೆಗಳು ಮುರಿದರೂ ಅವು ಕಟ್ಟಿದ ನೆಂಟಸ್ತಿಕೆ ಉಳಿಯುತ್ತದೆ. 1529ರ ಬೇಸಿಗೆಯಲ್ಲಿ ಚಾರ್ಲ್ಸ್ ಚಕ್ರವರ್ತಿಯೂ ಫ್ರಾನ್ಸಿನ ಒಂದನೆಯ ಫ್ರಾನ್ಸಿಸನೂ ಯುದ್ಧದಿಂದ ಬಳಲಿದ್ದರು, ಆದರೆ ಮೊದಲು ಮಾತೆತ್ತಿದರೆ ಮಾನ ಹೋದೀತೆಂದು ಇಬ್ಬರೂ ಸುಮ್ಮನಿದ್ದರು. ಗಂಡಸರಿಗೆ ಅಡ್ಡಬರುವ ಈ ಮಾನದ ಪ್ರಶ್ನೆ ಹೆಂಗಸರಿಗೆ ಅಡ್ಡಬರುವುದಿಲ್ಲ, ನಾವು ಮೊದಲ ಹೆಜ್ಜೆ ಇಡಬಹುದು ಎಂಬ ಅರ್ಥದ ಮಾತನ್ನು ಮಾರ್ಗರೆಟ್ ತನ್ನ ದೂತರಿಗೆ ಬರೆದಳು. ಕಂಬ್ರೈ ಊರಿನಲ್ಲಿ ಅವಳ ಎದುರು ಕುಳಿತವಳು ಫ್ರಾನ್ಸಿಸನ ತಾಯಿ, ಸವಾಯ್‌ನ ಲೂಯಿಸ್. ಈ ಲೂಯಿಸ್ ಯಾರೆಂದುಕೊಂಡಿರಿ? ಸತ್ತ ಫಿಲಿಬರ್ಟನ ಒಡಹುಟ್ಟಿದ ಅಕ್ಕ, ಅಂದರೆ ಮಾರ್ಗರೆಟಳ ಗಂಡನ ಅಕ್ಕ. ಅಷ್ಟೇ ಅಲ್ಲ, ಫ್ರಾನ್ಸಿನ ಭಾವೀ ರಾಣಿಯೆಂದು ಮಾರ್ಗರೆಟ್ ಬೆಳೆದ ದಿನಗಳಲ್ಲಿ ಅವಳನ್ನು ಸಾಕಿದ ಆನ್ ದ ಬೋಝೂ ಎಂಬ ರಾಜಕುಮಾರಿಯೇ ತಾಯಿಯಿಲ್ಲದ ಲೂಯಿಸಳನ್ನೂ ಸಾಕಿದ್ದಳು. ಆಗಸ್ಟ್ 5ರಂದು ಸಹಿಯಾದ ಆ ಒಪ್ಪಂದವನ್ನು ಹೆಂಗಸರ ಸಂಧಿ ಎಂದೇ ಇತಿಹಾಸ ಕರೆಯುತ್ತದೆ. ಸ್ಪೇನಿನಲ್ಲಿ ಒತ್ತೆಯಾಗಿದ್ದ ಫ್ರಾನ್ಸಿಸನ ಇಬ್ಬರು ಗಂಡುಮಕ್ಕಳು ಅದರಿಂದ ಬಿಡುಗಡೆಯಾದರು. ಸಂಧಿಯನ್ನು ಗಟ್ಟಿಮಾಡಲು ಚಕ್ರವರ್ತಿಯ ಅಕ್ಕ, ವಿಧವೆ ಎಲಿಯನೋರಳನ್ನು ಫ್ರಾನ್ಸಿಸನಿಗೆ ಕೊಟ್ಟು ಮದುವೆ ಮಾಡಲಾಯಿತು. ಮದುವೆಯ ವ್ಯವಹಾರದಲ್ಲಿ ಅಷ್ಟೊಂದು ನೊಂದಿದ್ದ ಮಾರ್ಗರೆಟ್ ಅಣ್ಣನ ಮಗಳನ್ನು ಅದೇ ವ್ಯವಹಾರಕ್ಕೆ ಹಿಂಜರಿಯದೆ ಬಳಸಿದಳು ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಹಿಂಜರಿದವರೂ ಇದ್ದರು. ಮಾರ್ಗರೆಟಳ ನಂತರ ನೆದರ್‌ಲ್ಯಾಂಡ್ಸನ್ನು ಆಳಿದ ಹಂಗೆರಿಯ ಮೇರಿ, ತಾನು ಸಾಕುತ್ತಿದ್ದ ಅಕ್ಕನ ಮಗಳು ಡೆನ್ಮಾರ್ಕಿನ ಕ್ರಿಸ್ಟಿನಾಳನ್ನು ಹನ್ನೊಂದರ ವಯಸ್ಸಿನಲ್ಲಿ ಮಿಲಾನಿನ ನಡುವಯಸ್ಸಿನ ಡ್ಯೂಕನಿಗೆ ಕೊಡುವುದನ್ನು ವಿರೋಧಿಸಿ 1533ರಲ್ಲಿ ಅಣ್ಣ ಚಕ್ರವರ್ತಿಗೆ ಕಾಗದ ಬರೆದಳು, ಇದು ಪ್ರಕೃತಿಗೂ ದೇವರ ಕಟ್ಟಳೆಗೂ ವಿರುದ್ಧವೆಂದು ವಾದಿಸಿದಳು. ಚಕ್ರವರ್ತಿ ಕೇಳಲಿಲ್ಲ. ಇಗರ್ಜಿಯ ಕಾನೂನಿನಲ್ಲಿ ಹೆಣ್ಣಿನ ಒಪ್ಪಿಗೆಯಿಲ್ಲದೆ ಮದುವೆ ಸಿಂಧುವಲ್ಲ, ಹನ್ನೆರಡು ತುಂಬುವವರೆಗೆ ಅವಳು ಒಪ್ಪಿಗೆ ಕೊಡಲು ಅರ್ಹಳೂ ಅಲ್ಲ. ಆದರೂ ರಾಜಮನೆತನದಲ್ಲಿ ಬೆಳೆದ ಹುಡುಗಿಯಿಂದ ಒಲ್ಲೆ ಎಂಬ ಮಾತು ಹೊರಡುವುದು ಅಪರೂಪ. ಎರಡು ವರ್ಷದಲ್ಲಿ ವಿಧವೆಯಾದ ಅದೇ ಕ್ರಿಸ್ಟಿನಾ, 1538ರಲ್ಲಿ ಎಂಟನೆಯ ಹೆನ್ರಿ ಕೈಚಾಚಿದಾಗ ಬಲೆಗೆ ಬೀಳದೆ ಉಳಿದಳು. ಈ ಕಥೆಗಳನ್ನೆಲ್ಲ ಒಟ್ಟಿಗೆ ಓದಿದವರಿಗೆ ಕಾಣುವುದು ಇದು: ಮೊದಲ ಮದುವೆಯಲ್ಲಿ ಹೆಣ್ಣು ತಂದೆಯ ಮಾತು ಕೇಳಿದಳು, ಎರಡನೆಯದರ ಬಗ್ಗೆ ತಾನು ಮಾತಾಡಿದಳು.

ಪಿರನೀಸ್ ಒಪ್ಪಂದದ ಮದುವೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಕನ್ನಡದ ನೆಂಟಸ್ತಿಕೆಯ ಪದಗಳಲ್ಲಿ ಹೇಳಿದರೆ ಅದು ಬಹಳ ಸಲೀಸು: ಹದಿನಾಲ್ಕನೆಯ ಲೂಯಿಯ ತಾಯಿ ಮರಿಯಾ ಥೆರೆಸಾಳಿಗೆ ಸೋದರತ್ತೆ, ಮರಿಯಾ ಥೆರೆಸಾಳ ತಾಯಿ ಲೂಯಿಗೆ ಸೋದರತ್ತೆ. ನಮ್ಮಲ್ಲಾದರೆ ಇದು ಕೇಳಿ ತರುವ ಸಂಬಂಧ. ಅವರಲ್ಲಿ ಇದು ನಿಷಿದ್ಧ, ಪೋಪನಿಂದ ವಿನಾಯಿತಿ ತರಬೇಕು. ಮರಿಯಾ ಥೆರೆಸಾಳ ತಂದೆ ನಾಲ್ಕನೆಯ ಫಿಲಿಪ್ ಎರಡನೆಯ ಮದುವೆಗೆ ತಂಗಿಯ ಮಗಳನ್ನೇ ತಂದುಕೊಂಡದ್ದೂ ಇಂತಹ ವಿನಾಯಿತಿಯಿಂದ. ಇನ್ನು ಬಳುವಳಿ: ಐದು ಲಕ್ಷ ಬಂಗಾರದ ಎಕ್ಯು, ಮೂರು ಕಂತುಗಳಲ್ಲಿ. ಫ್ರಾನ್ಸ್ ಮತ್ತು ಸ್ಪೇನ್ ಎಂದೂ ಒಂದೇ ಕೈಗೆ ಸೇರಬಾರದೆಂದು ಮರಿಯಾ ಥೆರೆಸಾ ಸ್ಪೇನಿನ ಸಿಂಹಾಸನದ ಮೇಲಿನ ಹಕ್ಕನ್ನು ಬಿಟ್ಟುಕೊಡಬೇಕಾಗಿತ್ತು, ಬಿಟ್ಟುಕೊಟ್ಟಳು. ಆದರೆ ಫ್ರೆಂಚ್ ಕಡೆಯ ಸಂಧಾನಕಾರರು ಆ ಕಲಮಿನೊಳಗೆ, ಬಳುವಳಿ ಸಂದಾಯವಾಗುವುದಕ್ಕೆ ಪ್ರತಿಯಾಗಿ ಎಂಬ ಅರ್ಥದ ಒಂದೇ ಒಂದು ಪದವನ್ನು ಸೇರಿಸಿದರು. ಸ್ಪೇನಿನ ಬೊಕ್ಕಸ ಬರಿದಾಗಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಣ ಬರಲಿಲ್ಲ, ಹಣ ಬರದ ಮೇಲೆ ಹಕ್ಕು ಬಿಟ್ಟುಕೊಟ್ಟದ್ದೂ ಊರ್ಜಿತವಲ್ಲ ಎಂದು ಲೂಯಿ ವಾದಿಸಿದ. ಮಾವ ಸತ್ತ ಮೇಲೆ 1667ರಲ್ಲಿ, ಮೊದಲ ಹೆಂಡತಿಯ ಮಗಳಿಗೆ ಎರಡನೆಯ ಹೆಂಡತಿಯ ಮಗನಿಗಿಂತ ಮೊದಲ ಹಕ್ಕು ಎಂಬ ಬ್ರಬಾಂಟ್ ಸೀಮೆಯ ಸ್ಥಳೀಯ ಕಟ್ಟಳೆಯನ್ನೂ ಇದಕ್ಕೆ ಜೋಡಿಸಿ ಸ್ಪ್ಯಾನಿಷ್ ನೆದರ್‌ಲ್ಯಾಂಡ್ಸಿಗೆ ನುಗ್ಗಿ ಲೀಲ್ ಮೊದಲಾದ ಪಟ್ಟಣಗಳನ್ನು ಪಡೆದ. 1700ರಲ್ಲಿ ಸ್ಪೇನಿನ ಕೊನೆಯ ಹ್ಯಾಬ್ಸ್‌ಬರ್ಗ್ ದೊರೆ ಮಕ್ಕಳಿಲ್ಲದೆ ಸತ್ತಾಗ ಪಟ್ಟಕ್ಕೆ ಬಂದವನು ಮರಿಯಾ ಥೆರೆಸಾಳ ಮೊಮ್ಮಗ. ಅದರಿಂದ ಹೊತ್ತಿಕೊಂಡ ಯುದ್ಧ 1714ರವರೆಗೆ ನಡೆಯಿತು. ಆ ಐದು ಲಕ್ಷ ಎಣಿಸಿಕೊಟ್ಟಿದ್ದರೆ ಲೂಯಿ ಸುಮ್ಮನಿರುತ್ತಿದ್ದ ಎಂದು ನಾನು ನಂಬುವುದಿಲ್ಲ, ಆದರೆ ಅವನ ವಕೀಲರಿಗೆ ಕೆಲಸ ಕಷ್ಟವಾಗುತ್ತಿತ್ತು. ಬಾಕಿ ಉಳಿದ ಬಳುವಳಿ ಸಂದ ಬಳುವಳಿಗಿಂತ ದೊಡ್ಡ ಆಸ್ತಿಯಾಗಬಹುದು.

ಇಷ್ಟರಲ್ಲಿ ಮರಿಯಾ ಥೆರೆಸಾಳಿಗೆ ಏನು ದಕ್ಕಿತು ಎಂದು ಕೇಳಿದರೆ, ಏನೂ ಇಲ್ಲ. 1683ರಲ್ಲಿ ಗಂಡನಿಗಿಂತ ಮೊದಲು ಸತ್ತದ್ದರಿಂದ ಜೀವನಾಂಶದ ಪ್ರಶ್ನೆಯೇ ಏಳಲಿಲ್ಲ.

ಬ್ರಗಾಂಸಾದ ಕ್ಯಾಥರೀನ್ ಹಾಗಲ್ಲ, ಅವಳು ಗಂಡನಿಗಿಂತ ಇಪ್ಪತ್ತು ವರ್ಷ ಹೆಚ್ಚು ಬದುಕಿದಳು. ಮದುವೆಯ ಬಾಳು ಸುಖದ್ದಾಗಿರಲಿಲ್ಲ: ಮದುವೆಯಾದ ಬೇಸಿಗೆಯಲ್ಲೇ ಗಂಡ ತನ್ನ ಪ್ರೇಯಸಿಯನ್ನು ಅವಳ ಅಂತಃಪುರದ ಊಳಿಗಕ್ಕೆ ನೇಮಿಸಬೇಕೆಂದು ಹಟ ಹಿಡಿದ, ಅವಳು ವಿರೋಧಿಸಿದಾಗ ತವರಿನಿಂದ ಬಂದ ಪರಿವಾರದ ಬಹುತೇಕರನ್ನು ವಾಪಸು ಕಳುಹಿಸಿದ. ಮಕ್ಕಳು ಉಳಿಯಲಿಲ್ಲ. ಕ್ಯಾಥೊಲಿಕ್ಕರ ಮೇಲೆ ಹುಚ್ಚು ಸಂಶಯ ಹರಡಿದ್ದ 1678ರಲ್ಲಿ, ದೊರೆಗೆ ವಿಷವಿಕ್ಕಲು ಹೊಂಚು ಹಾಕಿದ್ದಳೆಂಬ ಆರೋಪವನ್ನೂ ಅವಳ ಮೇಲೆ ಹೊರಿಸಿದರು. ಅಷ್ಟು ಮಟ್ಟಿಗೆ ಚಾರ್ಲ್ಸ್ ಅವಳ ಪರವಾಗಿ ಗಟ್ಟಿಯಾಗಿ ನಿಂತ, ಮಕ್ಕಳಿಲ್ಲದ ಅವಳನ್ನು ಬಿಟ್ಟು ಬೇರೆ ಮದುವೆಯಾಗೆಂದವರ ಮಾತನ್ನೂ ಕೇಳಲಿಲ್ಲ. 1685ರಲ್ಲಿ ಅವನು ಸತ್ತ ಮೇಲೆ ಕರಾರಿನ ಜೀವನಾಂಶದ ಕಲಮು ಜಾರಿಗೆ ಬಂತು. 1692ರಲ್ಲಿ ಇಂಗ್ಲೆಂಡನ್ನು ಬಿಟ್ಟು, ಫ್ರಾನ್ಸ್ ಮತ್ತು ಸ್ಪೇನ್ ಮಾರ್ಗವಾಗಿ ಪ್ರಯಾಣ ಮಾಡಿ, ಮೂವತ್ತು ವರ್ಷದ ನಂತರ ಲಿಸ್ಬನ್ನಿಗೆ ಹಿಂದಿರುಗಿದಳು. ಅಲ್ಲಿ ಬೆಂಪೋಸ್ತಾ ಎಂಬ ಅರಮನೆಯನ್ನು ತನಗಾಗಿ ಕಟ್ಟಿಸಿಕೊಂಡಳು. ತಮ್ಮ ಎರಡನೆಯ ಪೆದ್ರೋ ದೊರೆ ಯುದ್ಧಕ್ಕೂ ಕಾಯಿಲೆಗೂ ಸಿಕ್ಕಿದಾಗ, 1704 ಮತ್ತು 1705ರಲ್ಲಿ ಅವನ ಪರವಾಗಿ ರಾಜ್ಯಭಾರ ಮಾಡಿದಳು. ಯುದ್ಧ ಮತ್ತೆ ಸ್ಪೇನಿನ ಮೇಲೆ, ಈ ಸಲ ಅಲ್ಲಿನ ಸಿಂಹಾಸನದಲ್ಲಿ ಕುಳಿತಿದ್ದವನು ಮರಿಯಾ ಥೆರೆಸಾಳ ಮೊಮ್ಮಗ; ಪೋರ್ಚುಗಲ್ಲಿನ ಜೊತೆಗೆ ಹೋರಾಡುತ್ತಿದ್ದವರು ಇಂಗ್ಲಿಷರು. ತಾಯಿ ಲುಯಿಸಾ ನಲವತ್ತು ವರ್ಷ ಹಿಂದೆ ಮಗಳನ್ನು ಕೊಟ್ಟು ಕೊಂಡಿದ್ದ ಮೈತ್ರಿಯನ್ನು ಈಗ ಮಗಳು ಲಿಸ್ಬನ್ನಿನಲ್ಲಿ ಕುಳಿತು ನಡೆಸಿದಳು. 1705ರ ಡಿಸೆಂಬರ್ 31ರಂದು ಬೆಂಪೋಸ್ತಾದಲ್ಲಿ ತೀರಿಕೊಂಡಾಗ ಅವಳಿಗೆ ಅರವತ್ತೇಳು ವರ್ಷ.